ನಮ್ಮ ಅಜ್ಜಿಯರ ಮೂಳೆಗೆ ಯಾರದ್ದೋ ಅಳತೆಗೋಲು

ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ 'ಟಿ-ಸ್ಕೋರ್' ಅನ್ನೋ ಸಂಖ್ಯೆ ಬರುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದ ಗೆರೆ ಇದು. ಆದರೆ ಹೋಲಿಕೆ ಯಾರ ಜೊತೆ? ಸೊಂಟದ ಅಳತೆಗೆ ಅಂತಾರಾಷ್ಟ್ರೀಯ ಮಾನದಂಡ, ಅಮೆರಿಕದ 20ರಿಂದ 29 ವರ್ಷದ ಬಿಳಿಯ ಮಹಿಳೆಯರ ಸರಾಸರಿ.

ಇದು ಬರೀ ಅಸ್ಮಿತೆಯ ತಕರಾರಲ್ಲ. ಡೆಕ್ಸಾ ಯಂತ್ರ ಮೂಳೆಯನ್ನು ಫೋಟೋದಂತೆ ಚಪ್ಪಟೆಯಾಗಿ ನೋಡುತ್ತದೆ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜ ಅನ್ನುವುದಷ್ಟೇ ಅದರ ಲೆಕ್ಕ. ಮೂಳೆಯ ದಪ್ಪ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಸಣ್ಣ ಮೈಕಟ್ಟಿನ ಹೆಂಗಸಿನ ಮೂಳೆ ಗಟ್ಟಿಯಾಗಿದ್ದರೂ ಸಾಂದ್ರತೆ ಕಡಿಮೆ ಎಂದು ತೋರಿಸಬಹುದು. ಇನ್ನೊಂದು ಕಡೆ, ಮೂಳೆ ಮುರಿದುಕೊಳ್ಳುವ ಬಹಳಷ್ಟು ಮಂದಿಯ ಸ್ಕೋರ್ ಆ ಗೆರೆಯಿಂದ ಮೇಲೇ ಇರುತ್ತದೆ. ಕೆಲವರಿಗೆ ಸುಮ್ಮನೆ ಭಯ, ಕೆಲವರಿಗೆ ಹುಸಿ ಧೈರ್ಯ.

ಯಾಕೆ ಹೀಗೆ? ಸಿಮೆಂಟ್ ಎಷ್ಟು ಹಾಕಿದ್ದೀರಿ ಅಂತ ಮಾತ್ರ ಕೇಳಿ ಯಾವ ಮೇಸ್ತ್ರಿಯೂ ಕಟ್ಟಡದ ಬಲ ಹೇಳಲ್ಲ. ತೊಲೆಯ ಉದ್ದ, ಕಂಬಿಯ ಹೆಣಿಗೆಯನ್ನೂ ನೋಡುತ್ತಾನೆ. ತೊಡೆಮೂಳೆಯ ಹೊರ ಅಂಚಿನಿಂದ ಸೊಂಟದ ಒಳ ಅಂಚಿನವರೆಗಿನ ಉದ್ದಕ್ಕೆ 'ಹಿಪ್ ಆಕ್ಸಿಸ್ ಲೆಂಗ್ತ್' ಅನ್ನುತ್ತಾರೆ. ಸಾಂದ್ರತೆ ಒಂದೇ ಇದ್ದರೂ ಈ ಉದ್ದ ಹೆಚ್ಚಿರುವ ಮಹಿಳೆಯರಲ್ಲಿ ಸೊಂಟ ಮುರಿಯುವ ಅಪಾಯ ಹೆಚ್ಚು ಅಂತ 1993ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತು. 'ಟ್ರಬೆಕ್ಯುಲರ್ ಬೋನ್ ಸ್ಕೋರ್' ಇನ್ನೊಂದು ಅಳತೆ. ಬೆನ್ನುಮೂಳೆಯ ಅದೇ ಡೆಕ್ಸಾ ಚಿತ್ರದಿಂದ ಒಳಗಿನ ಜಾಲರಿ ಹೇಗಿದೆ ಎಂದು ಸಾಫ್ಟ್‌ವೇರ್ ಅಂದಾಜಿಸುತ್ತದೆ. ಎರಡಕ್ಕೂ ಬೇರೆ ಸ್ಕ್ಯಾನ್ ಬೇಕಿಲ್ಲ.

ಸ್ಕ್ಯಾನೇ ಸಿಗದ ಊರುಗಳ ಕಥೆ? ಅದಕ್ಕೆ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ತಂದ 'ಫ್ರಾಕ್ಸ್' ಇದೆ. ವಯಸ್ಸು, ತೂಕ, ಹಿಂದಿನ ಮುರಿತ, ಸ್ಟೆರಾಯ್ಡ್ ಬಳಕೆಯಂಥ ಕೆಲವು ಪ್ರಶ್ನೆಗಳಿಂದಲೇ ಮುಂದಿನ 10 ವರ್ಷದ ಅಪಾಯ ಲೆಕ್ಕ ಹಾಕುತ್ತದೆ. ಆದರೆ ಅದರ 'ಭಾರತ' ಮಾದರಿ ನಿಂತಿರುವುದು ಸಿಂಗಾಪುರದ ಭಾರತೀಯರ ದತ್ತಾಂಶದ ಮೇಲೆ. ಸಿಂಗಾಪುರದ ಫ್ಲ್ಯಾಟಿನಲ್ಲಿರುವವರ ಬದುಕೂ ಮಂಡ್ಯದಲ್ಲಿ ಬಗ್ಗಿ ನಾಟಿ ಮಾಡುವವರ ಬದುಕೂ ಒಂದೇನಾ?

ಹಾಗಂತ ಇರುವ ಸಾಧನಗಳನ್ನು ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಲೆಕ್ಕ ನಾವೇ ಇಡೋಣ ಅನ್ನುತ್ತಿದ್ದೇನೆ. 30 ದಾಟಿದವರಿಗೆ ನಡೆಯುವ ಸರ್ಕಾರಿ ತಪಾಸಣೆ ಬಿಪಿ, ಶುಗರ್ ಮತ್ತು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತದೆ. ಮೂಳೆಯ ಸುದ್ದಿ ಇಲ್ಲ. ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಹಿರಿಯರಿಗೆ ನಾಲ್ಕೈದು ಪ್ರಶ್ನೆ ಸೇರಿಸಿ, ಅದಕ್ಕೆ ತಕ್ಕ ಗೌರವಧನವನ್ನೂ ಕೊಡಿ. ಜಿಲ್ಲಾಸ್ಪತ್ರೆಗೆ ಬರುವ ಪ್ರತಿ ಸೊಂಟ ಮುರಿತವನ್ನೂ ವಯಸ್ಸು, ಎತ್ತರ, ಮೂಳೆಯ ಅಳತೆಯೊಂದಿಗೆ ದಾಖಲಿಸಿ. ಹತ್ತು ವರ್ಷದಲ್ಲಿ ನಮ್ಮದೇ ಅಳತೆಗೋಲು ಸಿದ್ಧವಾಗುತ್ತದೆ.

ಅಲ್ಲಿಯವರೆಗೆ, ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕೂರುವುದು ಮಗಳು ಇಲ್ಲವೇ ಸೊಸೆ. ಆ ನಷ್ಟ ಯಾವ ಬಜೆಟ್ಟಿನಲ್ಲೂ ಕಾಣಿಸಲ್ಲ.