ಕಾಗದ ಮಡಚಿ ಇಟ್ಟರೆ ಮುಗಿಯಿತೇ?

ಹೋಟೆಲ್ ಆಗಲಿ, ಕಾಲೇಜು ಕ್ಯಾಂಟೀನ್ ಆಗಲಿ, ಹಾಸ್ಟೆಲ್ ಆಗಲಿ, ಅಲುಗಾಡದ ಮೇಜು ಸಿಕ್ಕರೆ ಅದು ಅದೃಷ್ಟವೇ ಸರಿ. ಬಟ್ಟಲಿನ ಸಾಂಬಾರ್ ತುಳುಕಿದ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ಕೈಗೆ ಸಿಕ್ಕ ಬಿಲ್ಲನ್ನೋ ಹಳೆಯ ಪ್ರಶ್ನೆಪತ್ರಿಕೆಯನ್ನೋ ನಾಲ್ಕು ಮಡಿಕೆ ಮಾಡಿ ಒಂದು ಕಾಲಿನ ಕೆಳಗೆ ತುರುಕುತ್ತೇವೆ. ಎರಡು ದಿನ ನೆಮ್ಮದಿ. ಮೂರನೇ ದಿನ ಕಸ ಗುಡಿಸುವಾಗ ಕಾಗದ ಹೋಗುತ್ತದೆ, ಅಲುಗಾಟ ಮಾತ್ರ ಉಳಿಯುತ್ತದೆ.

ಬಿ.ಇ. ಓದುತ್ತಿರುವ ನನಗೆ ಇದು ನಗುವ ವಿಷಯವಾಗಿ ಕಾಣುವುದಿಲ್ಲ. ಏಕೆಂದರೆ ಮೇಜು ಅಲುಗಾಡುವುದಕ್ಕೆ ಕಾರಣ ಒಂದೇ ಅಲ್ಲ. ಕಾರಣ ಹುಡುಕದೆ ಔಷಧಿ ಕೊಡುವುದು ಎಂಜಿನಿಯರ್‌ಗೆ ಶೋಭೆಯೂ ಅಲ್ಲ.

ಮೊದಲನೆಯ ಕಾರಣ ನೆಲ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಣಿಯುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಕಾಲು ಬಂದಾಗಲೇ ತಕರಾರು. ಇದಕ್ಕೆ ಗಣಿತದಲ್ಲೊಂದು ಸೊಗಸಾದ ಪರಿಹಾರವಿದೆ. ಮೇಜು ಚೌಕವಾಗಿದ್ದು, ಕಾಲುಗಳೆಲ್ಲ ಒಂದೇ ಉದ್ದವಿದ್ದು, ನೆಲ ಏರುತಗ್ಗಾಗಿದ್ದರೂ ಮೆಟ್ಟಿಲಿನಂತೆ ಥಟ್ಟನೆ ಮುರಿದಿರದಿದ್ದರೆ, ಮೇಜನ್ನು ಇದ್ದಲ್ಲೇ ಕಾಲು ಸುತ್ತು ತಿರುಗಿಸುವುದರೊಳಗೆ ನಾಲ್ಕೂ ಕಾಲು ನೆಲಕ್ಕೂರುವ ಜಾಗ ಸಿಕ್ಕೇ ಸಿಗುತ್ತದೆ. ಸರ್ನ್ ಸಂಸ್ಥೆಯ ಭೌತವಿಜ್ಞಾನಿ ಆಂದ್ರೆ ಮಾರ್ಟಿನ್ 2005ರಲ್ಲಿ ಇದರ ಬಗ್ಗೆ ಪ್ರಬಂಧವನ್ನೇ ಬರೆದರು. ನೆಲದ ಇಳಿಜಾರು 35 ಡಿಗ್ರಿಯೊಳಗಿದ್ದರೆ ಸಾಕು ಎಂದು ತೋರಿಸಿದರು. ಮುಂದಿನ ಸಲ ಕ್ಯಾಂಟೀನಿನಲ್ಲಿ ಕಾಗದ ಹುಡುಕುವ ಮೊದಲು ಮೇಜನ್ನು ಸ್ವಲ್ಪ ತಿರುಗಿಸಿ ನೋಡಿ.

ಎರಡನೆಯ ಕಾರಣ ಕೀಲು. ನಾಲ್ಕೂ ಕಾಲು ನೆಲದ ಮೇಲೆಯೇ ಇರುತ್ತವೆ, ಆದರೆ ಮೇಜು ಅಕ್ಕಪಕ್ಕಕ್ಕೆ ತೂಗುತ್ತದೆ. ಇಲ್ಲಿ ಕಾಗದ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಕಾಲುಗಳೂ ಮೇಲಿನ ಹಲಗೆಯೂ ಸೇರಿ ಆಯತವಾಗುತ್ತವೆ. ಮೂಲೆಗಳು ಸಡಿಲವಾದರೆ ಆಯತ ಸುಲಭವಾಗಿ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಹೊಡೆದರೆ ಆಯತ ಎರಡು ತ್ರಿಕೋನವಾಗುತ್ತದೆ. ರೈಲು ಸೇತುವೆ, ವಿದ್ಯುತ್ ಟವರ್ ನಿಂತಿರುವುದು ಈ ಲೆಕ್ಕದ ಮೇಲೆಯೇ.

ಮೂರನೆಯದು ಒಂಟಿ ಕಾಲಿನ ಮೇಜು. ಪಾಶ್ಚಾತ್ಯ ದೇಶಗಳಲ್ಲಿ ಜನ ಪ್ರವಾಸಕ್ಕೆ ಒಯ್ಯುವ ಕ್ಯಾಂಪರ್ ವ್ಯಾನ್‌ಗಳನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅನೇಕ ವ್ಯಾನ್‌ಗಳಲ್ಲಿ ಊಟದ ಮೇಜು ನೆಲದ ಗುಳಿಗೆ ಸಿಕ್ಕಿಸಿದ ಒಂದೇ ಪೈಪಿನ ಮೇಲೆ ನಿಂತಿರುತ್ತದೆ. ರಾತ್ರಿ ಪೈಪ್ ಕಿತ್ತು ಹಲಗೆ ಇಳಿಸಿದರೆ ಅದೇ ಮಂಚ. ದಿನವೂ ಕಿತ್ತು ಸಿಕ್ಕಿಸಿ ಗುಳಿ ಸವೆಯುತ್ತದೆ. ಗುಳಿಯ ಆಳ 7 ಸೆಂ.ಮೀ., ಸಡಿಲ ಬರೀ 1 ಮಿ.ಮೀ. ಎಂದುಕೊಳ್ಳಿ. 70 ಸೆಂ.ಮೀ. ಎತ್ತರದ ಹಲಗೆ 1 ಸೆಂ.ಮೀ. ಓಲಾಡುತ್ತದೆ. ಬುಡದ ಸಣ್ಣ ಸಡಿಲ ತುದಿಯಲ್ಲಿ ಹತ್ತು ಪಟ್ಟು! ಇದಕ್ಕೆ ಮದ್ದು ನಮ್ಮ ರೈತರಿಗೆ ಗೊತ್ತೇ ಇದೆ. ಗುದ್ದಲಿಯ ಕಾವು ಸಡಿಲವಾದರೆ ಅವರು ಹೊಸ ಗುದ್ದಲಿ ಕೊಳ್ಳುವುದಿಲ್ಲ, ಸಂದಿಗೆ ಒಂದು ಬೆಣೆ ಹೊಡೆಯುತ್ತಾರೆ.

ಇಷ್ಟೆಲ್ಲ ಓದಿ ಪಾಸಾದ ನಾವು ಸ್ವಂತ ಮೇಜನ್ನು ಮುಟ್ಟುವುದಿಲ್ಲ ಎಂಬುದೇ ನನ್ನ ತಕರಾರು. ನಮ್ಮ ಹಾಸ್ಟೆಲ್‌ನಲ್ಲಿ ಮಂಚದ ಮೇಲೆ ಬೋರ್ಡ್ ಇಟ್ಟುಕೊಂಡು ಡ್ರಾಯಿಂಗ್ ಮಾಡುವವರಿದ್ದಾರೆ. ಕಾಲೇಜಿನ ಹಿಂದುಗಡೆ ಮಾತ್ರ ಮುರಿದ ಡೆಸ್ಕುಗಳ ರಾಶಿ ಮಳೆಯಲ್ಲಿ ನೆನೆಯುತ್ತಿದೆ. ಅವುಗಳಲ್ಲಿ ಎಷ್ಟೋ ಡೆಸ್ಕುಗಳಿಗೆ ಹೋಗಿರುವುದು ಎರಡು ಸ್ಕ್ರೂ ಅಷ್ಟೇ.

ಇನ್ನೊಂದು ಕಡೆ ಮೊದಲ ವರ್ಷದ ವರ್ಕ್‌ಶಾಪ್ ನೋಡಿ. ಕಬ್ಬಿಣದ ಪಟ್ಟಿಯನ್ನು ವಾರಗಟ್ಟಲೆ ಅರದಿಂದ ಉಜ್ಜಿ ‘ವಿ’ ಆಕಾರದ ಜೋಡಣೆ ಮಾಡುತ್ತೇವೆ. ತಗಡು ಕತ್ತರಿಸಿ ಆಲಿಕೆ ಮಾಡುತ್ತೇವೆ. ಮೇಷ್ಟ್ರು ಅಳತೆ ನೋಡಿ ಅಂಕ ಹಾಕುತ್ತಾರೆ. ಆಮೇಲೆ ಅದೆಲ್ಲ ಗುಜರಿ ಡಬ್ಬಕ್ಕೆ. ಕೈ ಪಳಗಬೇಕು ನಿಜ. ಆದರೆ ಕೈ ಪಳಗಿಸುವ ಕೆಲಸ ಒಬ್ಬರಿಗೆ ಉಪಯೋಗಕ್ಕೂ ಬಂದರೆ ತಪ್ಪೇನು?

ನನ್ನ ಸಲಹೆ ಇಷ್ಟೇ. ವರ್ಕ್‌ಶಾಪ್‌ನ ಕೊನೆಯ ನಾಲ್ಕು ವಾರ ಪ್ರತಿ ತಂಡಕ್ಕೂ ಕಾಲೇಜಿನದ್ದೇ ಒಂದು ಕೆಟ್ಟ ಮೇಜು ಕೊಡಲಿ. ದೋಷ ಎಲ್ಲಿದೆ, ಅದೇ ದೋಷ ಎಂದು ಹೇಗೆ ಖಚಿತವಾಯಿತು, ಖರ್ಚೆಷ್ಟು ಎಂದು ರೆಕಾರ್ಡಿನಲ್ಲಿ ಬರೆಸಲಿ. ಆರು ತಿಂಗಳ ನಂತರವೂ ಮೇಜು ನಿಂತಿದ್ದರೆ ಪೂರ್ತಿ ಅಂಕ.

ಇದು ಆಗದ ಮಾತಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ನಾನೂ ರೂಮ್‌ಮೇಟ್ ಸೇರಿ ನಮ್ಮ ಕೋಣೆಯ ಮೇಜು ರಿಪೇರಿ ಮಾಡಿದೆವು. ಹಿಂದಿದ್ದ ಸೀನಿಯರ್‌ಗಳು ಇಟ್ಟಿದ್ದ ಕಾಗದವೇ ಒಂದು ಹಿಡಿಯಷ್ಟು ಸಿಕ್ಕಿತು. ನಿಜವಾದ ದೋಷ ಮೇಲಿತ್ತು. ಪಾರ್ಟಿಕಲ್ ಬೋರ್ಡಿನ ತೂತು ಪುಡಿಯಾಗಿ ಸ್ಕ್ರೂ ಹಿಡಿತ ಕಳೆದುಕೊಂಡಿತ್ತು. ತೂತಿಗೆ ಫೆವಿಕಾಲ್ ಸವರಿದ ಬೆಂಕಿಕಡ್ಡಿಗಳನ್ನು ಒತ್ತಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಸ್ಕ್ರೂ ತಿರುಗಿಸಿದೆವು. ಹಿಂಬದಿಗೆ ಪ್ಲೈವುಡ್‌ನ ಓರೆಪಟ್ಟಿ ಹೊಡೆದೆವು. ಖರ್ಚು ನೂರು ರೂಪಾಯಿಯೊಳಗೆ.

‘ಎಂಜಿನಿಯರಿಂಗ್ ಓದಿಸಿದ್ದು ಸ್ಕ್ರೂ ತಿರುಗಿಸೋಕಾ?’ ಎಂದು ಮನೆಯವರು ಕೇಳಬಹುದು. ಯಾವ ಸ್ಕ್ರೂ ತಿರುಗಿಸಬೇಕು ಎಂದು ಕಂಡುಹಿಡಿಯುವುದನ್ನು ಕಲಿಯೋಕೆ ಎನ್ನುವುದೇ ನನ್ನ ಉತ್ತರ. ಬಡಗಿಗಳ ಕೆಲಸ ಕಿತ್ತುಕೊಂಡಂತೆ ಆಗುವುದಿಲ್ಲವೇ ಎಂದು ಇನ್ನು ಕೆಲವರು ಕೇಳಬಹುದು. ಬಡಗಿಯನ್ನೇ ಸಂಬಳ ಕೊಟ್ಟು ನಾಲ್ಕು ವಾರ ಮೇಷ್ಟ್ರಾಗಿ ಕರೆಸಿ. ಮಳೆಗಾಲದಲ್ಲಿ ಮರ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗಿ ಕೀಲು ಸಡಿಲವಾಗುವುದು ಅವರ ಬೆರಳಿಗೆ ಗೊತ್ತು. ನಮಗೆ ಅದು ಪುಸ್ತಕದ ಒಂದು ಪ್ಯಾರಾ ಅಷ್ಟೇ.

ನಾಳೆ ನಮ್ಮಲ್ಲಿ ಕೆಲವರು ಸೇತುವೆ ಕಟ್ಟುತ್ತೇವೆ, ಕೆಲವರು ಯಂತ್ರ ನಡೆಸುತ್ತೇವೆ, ಕೆಲವರು ಸಾಫ್ಟ್‌ವೇರ್ ಬರೆಯುತ್ತೇವೆ. ಅಲ್ಲಿಯೂ ಏನಾದರೊಂದು ಅಲುಗಾಡುತ್ತದೆ, ಸದ್ಯಕ್ಕೆ ಕಾಗದ ಇಡಿ ಎನ್ನುವವರೂ ಇರುತ್ತಾರೆ. ಆಗ ಬಗ್ಗಿ ಬುಡ ನೋಡುವ ಅಭ್ಯಾಸ ನಮಗಿರಬೇಕು. ಅದನ್ನು ಕಲಿಸಲು ಹೊಸ ಪ್ರಯೋಗಾಲಯ ಬೇಕಿಲ್ಲ, ಕಾಲೇಜಿನ ಹಿಂದೆ ನೆನೆಯುತ್ತಿರುವ ಡೆಸ್ಕುಗಳೇ ಸಾಕು.