ಕೆಮ್ಮಲಾರದ ರೋಗಿ

ಹಾವೆಂದರೆ ನಮ್ಮ ನಾಡಿನ ಜನರಿಗೆ ಎರಡೇ ಭಾವ: ಒಂದು ಭಯ, ಇನ್ನೊಂದು ಭಕ್ತಿ. ಹಿತ್ತಲಿನಲ್ಲಿ ಕಂಡರೆ ದೊಣ್ಣೆ ಹುಡುಕುತ್ತೇವೆ. ಅರಳಿಕಟ್ಟೆಯ ಕಲ್ಲಿನಲ್ಲಿ ಕಂಡರೆ ಕೈಮುಗಿಯುತ್ತೇವೆ. ಈ ಇಬ್ಬಂದಿತನವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದರು. ಆದರೆ ಭಯ ಭಕ್ತಿಗಳೆರಡನ್ನೂ ಬದಿಗಿರಿಸಿ, ಹಾವೂ ನಮ್ಮಂತೆ ಉಸಿರಾಡುವ, ನಮ್ಮಂತೆಯೇ ಕಾಯಿಲೆ ಬೀಳುವ ಒಂದು ಜೀವ ಎಂದು ಬಗೆಯುವ ಮೂರನೆಯ ಭಾವಕ್ಕೆ ನಮ್ಮ ಮನಸ್ಸಿನಲ್ಲಿ ಎಡೆಯುಂಟೆ? ಮೂರು ದಶಕಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಭೂತದಯೆಯ ಪಾಠ ಹೇಳಿದ ನನ್ನಲ್ಲಿಯೇ ಅದು ಇರಲಿಲ್ಲ. ನಾನು ಅದನ್ನು ಕಲಿತದ್ದು ಅರವತ್ತು ದಾಟಿದ ಮೇಲೆ. ಅದೂ ದೂರದ ಅಮೆರಿಕದಲ್ಲಿ, ಹದಿನಾಲ್ಕು ವರ್ಷದ ಮೊಮ್ಮಗನಿಂದ.

ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ನಾನು ಹೋದದ್ದು ಚಳಿಗಾಲದ ಆರಂಭದಲ್ಲಿ. ಮೊಮ್ಮಗನ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಕಂದು ಮೈಯ ಮೇಲೆ ಹೊಂಬಣ್ಣದ ಮಚ್ಚೆಗಳುಳ್ಳ ಒಂದು ಹಾವು! ಹೌಹಾರಿ ಹಿಂದೆ ಸರಿದೆ. "ಅಜ್ಜಿ, ಇದಕ್ಕೆ ವಿಷವಿಲ್ಲ. ಇದರ ಹೆಸರು ಸುಬ್ಬು" ಎಂದು ಹುಡುಗ ನಕ್ಕ. ಅದು ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕ ಇದರ ತವರು. ಹೆಬ್ಬಾವುಗಳ ಕುಲದಲ್ಲಿ ಇದು ಗಿಡ್ಡ. ಬೆಳೆದರೂ ನಾಲ್ಕೈದು ಅಡಿಯಷ್ಟೇ. ಹೆದರಿದಾಗ ಕಚ್ಚಲು ಬರುವುದಕ್ಕಿಂತ ಮೈಯನ್ನೆಲ್ಲ ಉಂಡೆಗಟ್ಟಿ, ತಲೆಯನ್ನು ನಡುವೆ ಅಡಗಿಸಿಕೊಳ್ಳುವುದೇ ಇದರ ಸ್ವಭಾವ. ಚೆಂಡಿನ ಹೆಸರು ಇದಕ್ಕೆ ಬಂದದ್ದೇ ಆ ಕಾರಣದಿಂದ. ಸುಬ್ಬು ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಣೆಯಲ್ಲಿಯೇ ಹುಟ್ಟಿದ್ದು. ಅದನ್ನು ಸಾಕಲು ಅಲ್ಲಿನ ಕಾನೂನಿನ ಅಡ್ಡಿಯೂ ಇರಲಿಲ್ಲ.

ನನಗೆ ಒಂದು ಹಳೆಯ ಅಭ್ಯಾಸ. ಬೇಡದ ಕಡೆ ದೀಪ ಉರಿಯುತ್ತಿದ್ದರೆ ಆರಿಸದೆ ನಿದ್ದೆ ಬಾರದು. ಮೊಮ್ಮಗನ ಕೋಣೆಯಲ್ಲಿ ಇರುಳೆಲ್ಲ ಒಂದು ಸ್ವಿಚ್ಚಿನ ಕೆಂಪು ಬೆಳಕು ಕಾಣುತ್ತಿತ್ತು. ಮಗು ಮರೆತು ಮಲಗಿದೆ ಎಂದುಕೊಂಡು ನಾನು ಅದನ್ನು ಆರಿಸುತ್ತಿದ್ದೆ. ಬೆಳಗಿನ ಜಾವ ಎದ್ದ ಕೂಡಲೇ ಮತ್ತೆ ಹಾಕುತ್ತಿದ್ದೆ. ಎರಡು ಮೂರು ವಾರ ಹೀಗೆಯೇ ನಡೆಯಿತು. ಯಾರ ಗಮನಕ್ಕೂ ಅದು ಬರಲಿಲ್ಲ.

ಒಂದು ದಿನ ಶಾಲೆಯಿಂದ ಬಂದ ಹುಡುಗ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕುಳಿತಿದ್ದ. ಸುಬ್ಬು ತಲೆಯನ್ನು ಮೇಲಕ್ಕೆತ್ತಿ ಬಾಯನ್ನು ತುಸು ತೆರೆದಿತ್ತು. ಉಸಿರಿನೊಡನೆ ಸಿಳ್ಳಿನಂಥ ಸಣ್ಣ ಸದ್ದು. ಮೂಗಿನ ಹೊಳ್ಳೆಯಲ್ಲಿ ನೊರೆಯ ಗುಳ್ಳೆ. ಊಟ ಬಿಟ್ಟು ಹತ್ತು ದಿನವಾಗಿತ್ತು. ಈ ಜಾತಿಯ ಹಾವು ಆರೋಗ್ಯವಾಗಿದ್ದರೂ ಚಳಿಗಾಲದಲ್ಲಿ ವಾರಗಟ್ಟಲೆ ಉಪವಾಸವಿರುವುದುಂಟು. ಆದ್ದರಿಂದ ಊಟ ಬಿಟ್ಟದ್ದನ್ನು ಅವನು ಅಷ್ಟಾಗಿ ಎಣಿಸಿರಲಿಲ್ಲ. ಆದರೆ ಬಾಯಿ ತೆರೆದು ಉಸಿರಾಡುವುದು ಮಾತ್ರ ಕಡೆಗಣಿಸಬಾರದ ಲಕ್ಷಣವೆಂದು ಅವನು ಓದಿ ತಿಳಿದಿದ್ದ. "ಅಮ್ಮ, ಸುಬ್ಬುವಿಗೆ ಉಸಿರಾಟದ ಸೋಂಕು ತಗಲಿದೆ" ಎಂದು ಅವನು ಹೇಳಿದಾಗ ಅವನ ದನಿ ನಡುಗುತ್ತಿತ್ತು.

ನಾನು ಸುಮ್ಮನಿರಲಾರದೆ, "ನೀಲಗಿರಿ ಎಣ್ಣೆಯ ಹಬೆ ಕೊಡೋಣ" ಎಂದೆ. ಮಗಳು ತಡೆದಳು. "ಬೇಡಮ್ಮ, ನಮಗೆ ಹಿತವಾದದ್ದು ಅದಕ್ಕೂ ಹಿತವೆಂದು ಹೇಗೆ ಹೇಳುವುದು?" ಎಂದಳು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಾಟಿತು. ಪ್ರಾಣಿಗಳ ಮೇಲಿನ ನಮ್ಮ ಪ್ರೀತಿಯಲ್ಲಿ ಬಹುಪಾಲು ನಮ್ಮ ಹಿತವನ್ನೇ ಅವುಗಳ ಮೇಲೆ ಹೇರುವುದಲ್ಲವೆ?

ಹಾವಿನ ಒಡಲಿನ ರಚನೆಯನ್ನು ತಿಳಿದರೆ ಈ ಮಾತಿನ ಸತ್ಯ ಮನವರಿಕೆಯಾಗುತ್ತದೆ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ತೆರೆಯಿದೆ. ಗಂಟಲಿನಲ್ಲಿ ಕಫ ಕಟ್ಟಿದರೆ ನಾವು ಬಲವಾಗಿ ಕೆಮ್ಮಿ ಅದನ್ನು ಹೊರಹಾಕುತ್ತೇವೆ. ಹಾವಿಗೆ ವಪೆಯಿಲ್ಲ, ನಮ್ಮಂತೆ ಕೆಮ್ಮುವ ಶಕ್ತಿಯೂ ಇಲ್ಲ. ಪಕ್ಕೆಲುಬುಗಳ ನಡುವಣ ಸ್ನಾಯುಗಳಿಂದಲೇ ಅದರ ಉಸಿರಾಟ. ಬಹುತೇಕ ಹಾವುಗಳಲ್ಲಿ ಕೆಲಸ ಮಾಡುವುದು ಬಲಗಡೆಯ ಶ್ವಾಸಕೋಶವೊಂದೇ. ಹೆಬ್ಬಾವಿಗೆ ಎರಡಿದ್ದರೂ ಎಡಗಡೆಯದು ಚಿಕ್ಕದು. ಚೀಲದಂಥ ಆ ಉದ್ದನೆಯ ಶ್ವಾಸಕೋಶದಲ್ಲಿ ಲೋಳೆ ತುಂಬಿಕೊಂಡರೆ ಅದು ಅಲ್ಲಿಯೇ ನಿಲ್ಲುತ್ತದೆ. ಹಾವು ತಲೆಯೆತ್ತಿ ಬಾಯಿ ತೆರೆಯುವುದು ಸಿಟ್ಟಿನಿಂದಲ್ಲ, ಒಂದಿಷ್ಟು ಗಾಳಿಗಾಗಿ. ಹೆಡೆಯೆತ್ತುವುದನ್ನು ಮಾತ್ರ ಬಲ್ಲ ನಮ್ಮ ಕಣ್ಣಿಗೆ ಈ ಸಂಕಟವೂ ಕೋಪದಂತೆ ಕಂಡೀತು!

ವೈದ್ಯರಲ್ಲಿಗೆ ಕರೆದೊಯ್ಯುವುದೇ ಒಂದು ದೊಡ್ಡ ಕೆಲಸವಾಯಿತು. ಎಲ್ಲ ಪಶುವೈದ್ಯರೂ ಹಾವನ್ನು ನೋಡುವುದಿಲ್ಲ. ಸರೀಸೃಪಗಳ ಚಿಕಿತ್ಸೆಯಲ್ಲಿ ಪಳಗಿದವರನ್ನೇ ಹುಡುಕಬೇಕು. ಹೊರಗೆ ಹಿಮ. ಹಾವು ತನ್ನ ಮೈಯ ಶಾಖವನ್ನು ತಾನೇ ಉಂಟುಮಾಡಿಕೊಳ್ಳಲಾರದು. ರೋಗಕ್ಕಿಂತ ಪ್ರಯಾಣವೇ ಅದನ್ನು ಹೆಚ್ಚು ಬಳಲಿಸಬಹುದೆಂದು ಹುಡುಗ ಮೊದಲೇ ಎಲ್ಲವನ್ನೂ ಅಣಿಮಾಡಿಕೊಂಡ. ಸ್ವಚ್ಛವಾದ ಹತ್ತಿಯ ದಿಂಬಿನ ಗವಸಿನೊಳಗೆ ಸುಬ್ಬುವನ್ನು ಇಳಿಸಿ ಬಾಯಿಗೆ ಗಂಟು ಹಾಕಿದ. ಆ ಚೀಲವನ್ನು ಗಾಳಿಯಾಡುವ ತೂತುಗಳಿದ್ದ, ಶಾಖ ಹಿಡಿದಿಡುವ ಪೆಟ್ಟಿಗೆಯಲ್ಲಿರಿಸಿದ. ಬಿಸಿನೀರಿನ ಬಾಟಲಿಯೊಂದನ್ನು ದಪ್ಪ ಟವಲಿನಲ್ಲಿ ಸುತ್ತಿ, ಮೈಗೆ ನೇರವಾಗಿ ತಾಗದಂತೆ ಬದಿಗೆ ಇಟ್ಟ. ಕಾರನ್ನು ಮೊದಲೇ ಬೆಚ್ಚಗೆ ಮಾಡಲು ತಾಯಿಗೆ ಹೇಳಿದ. ಹೊಟ್ಟೆ ತುಂಬಿದ ಹಾವನ್ನು ಅಲುಗಿಸಿದರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ. ಸುಬ್ಬು ಉಪವಾಸವಿದ್ದುದರಿಂದ ಆ ಚಿಂತೆ ಇರಲಿಲ್ಲ. ಕತ್ತಲೆ, ಬೆಚ್ಚಗಿನ ಇಕ್ಕಟ್ಟು, ಸದ್ದಿಲ್ಲದಿರುವಿಕೆ: ಇವು ಮೂರೇ ಹೆದರಿದ ಹಾವಿಗೆ ಧೈರ್ಯ ಹೇಳುವ ಮಾತುಗಳು ಎಂದು ನನಗೆ ಅಂದು ತಿಳಿಯಿತು. ಆಸ್ಪತ್ರೆಯ ಕೋಣೆಯಲ್ಲಿ ನಾಯಿಗಳ ಬೊಗಳಾಟ ಕೇಳಿ ನಾವು ಒಳಗೆ ಕೂರದೆ, ಸರದಿ ಬರುವವರೆಗೆ ಬೆಚ್ಚಗಿನ ಕಾರಿನಲ್ಲಿಯೇ ಕಾದೆವು.

ವೈದ್ಯೆ ಅವಸರಪಡಲಿಲ್ಲ. ತಲೆಯನ್ನು ಹಿಡಿದೆಳೆಯದೆ, ಮೈಯ ಭಾರವೆಲ್ಲ ತಮ್ಮ ಎರಡು ತೋಳುಗಳ ಮೇಲೆ ನಿಲ್ಲುವಂತೆ ಸುಬ್ಬುವನ್ನು ಎತ್ತಿಕೊಂಡರು. ಮೊಮ್ಮಗನ ಬಳಿ ಒಂದು ಪುಟ್ಟ ಪುಸ್ತಕವಿತ್ತು: ತೂಕ ಎಷ್ಟು, ಕಡೆಯ ಊಟ ಎಂದು, ಪೊರೆ ಬಿಟ್ಟದ್ದು ಯಾವಾಗ, ಪೆಟ್ಟಿಗೆಯ ಉಷ್ಣತೆ ಎಷ್ಟು. ವೈದ್ಯೆ ಅದನ್ನು ಓದಿ, "ಬೆಚ್ಚಗಿನ ಬದಿ 32 ಡಿಗ್ರಿ, ತಂಪಿನ ಬದಿ 26 ಡಿಗ್ರಿ, ತೇವಾಂಶ ಶೇಕಡ 60. ಎಲ್ಲವೂ ಸರಿಯಾಗಿದೆ. ರಾತ್ರಿಯಲ್ಲಿಯೂ ಹೀಗೆಯೇ ಇರುತ್ತದೆಯೆ?" ಎಂದು ಕೇಳಿದರು. ಮಗಳು ಆ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು. ನನ್ನ ಎದೆ ಧಸಕ್ಕೆಂದಿತು. ಇರುಳು ಕೆಂಪಗೆ ಉರಿಯುತ್ತಿದ್ದ ಆ ಸ್ವಿಚ್ಚು, ಹಾವಿನ ಪೆಟ್ಟಿಗೆಗೆ ಶಾಖ ಕೊಡುವ ಹಾಸಿನದಾಗಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪನ್ನು ಮುಚ್ಚಿಡಬಾರದೆಂದು ಜೀವಮಾನವೆಲ್ಲ ಮಕ್ಕಳಿಗೆ ಬೋಧಿಸಿದವಳು ನಾನು. "ರಾತ್ರಿ ಅದನ್ನು ಆರಿಸುತ್ತಿದ್ದವಳು ನಾನೇ" ಎಂದೆ. ಮೊಮ್ಮಗ ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ವೈದ್ಯೆ ಗದರಲಿಲ್ಲ, ಕಾರಣ ತಿಳಿದದ್ದು ಒಳ್ಳೆಯದಾಯಿತು, ಇನ್ನು ಕೆಲಸ ಸುಲಭ ಎಂದರು. ಅವರು ವಿವರಿಸಿದ ಸಂಗತಿ ಇದು: ಹಾವಿನ ರೋಗನಿರೋಧಕ ಶಕ್ತಿ ಅದರ ಮೈಯ ಶಾಖವನ್ನು ಅವಲಂಬಿಸಿದೆ. ಶಾಖ ಇಳಿದರೆ ಆ ಶಕ್ತಿಯೂ ಕುಗ್ಗುತ್ತದೆ. ಸುತ್ತಮುತ್ತ ಎಂದಿನಿಂದಲೂ ಇದ್ದ ಬ್ಯಾಕ್ಟೀರಿಯಗಳೇ ಆಗ ಶತ್ರುಗಳಾಗುತ್ತವೆ. ಚಳಿಯೊಂದೇ ಅಲ್ಲ, ಕೊಳಕು ಹಾಸು, ಗಾಳಿಯಾಡದ ಪೆಟ್ಟಿಗೆ, ಹೊಂದದ ತೇವಾಂಶ, ಮೈಗೆ ಹತ್ತುವ ಉಣ್ಣಿಗಳು, ಪದೇ ಪದೇ ಹಿಡಿದೆತ್ತುವ ಕಾಟ, ಇವೆಲ್ಲವೂ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಕೆಲವೊಮ್ಮೆ ವೈರಸ್‌ಗಳೂ ಕಾರಣವಾಗುವುದುಂಟು. ಅಂಥ ರೋಗಕ್ಕೆ ನೇರವಾದ ಮದ್ದಿಲ್ಲ. ಹೊಸದಾಗಿ ತಂದ ಹಾವನ್ನು ಕೆಲವು ತಿಂಗಳು ಬೇರೆಯಾಗಿಯೇ ಇಡಬೇಕೆನ್ನುವುದು ಆ ಕಾರಣಕ್ಕೆ.

ಶ್ವಾಸನಾಳದಿಂದ ಲೋಳೆಯನ್ನು ತೆಗೆದು, ಯಾವ ಕ್ರಿಮಿ ಇದೆ, ಯಾವ ಪ್ರತಿಜೀವಕ ಅದಕ್ಕೆ ನಾಟುತ್ತದೆ ಎಂದು ಪರೀಕ್ಷೆಗೆ ಕಳುಹಿಸಿದರು. ಮೂರು ದಿನಕ್ಕೊಮ್ಮೆ ಚುಚ್ಚುಮದ್ದು. ಅದೂ ಮೈಯ ಮುಂಭಾಗದ ಸ್ನಾಯುವಿಗೆ. ಮಗಳಿಗೆ ಅದನ್ನು ಕೊಡುವ ಕ್ರಮವನ್ನು ತೋರಿಸಿಕೊಟ್ಟರು. ಹಾಗಾಗಿ ಪ್ರತಿಸಲವೂ ಹಿಮದಲ್ಲಿ ಪ್ರಯಾಣ ಮಾಡಿಸುವುದು ತಪ್ಪಿತು. ಮನೆಯಲ್ಲಿ ಪೆಟ್ಟಿಗೆಯ ಶಾಖವನ್ನು ರಾತ್ರಿ ಹಗಲೂ ಇಳಿಯದಂತೆ ಕಾಯ್ದುಕೊಳ್ಳಬೇಕು. ಅಡಗಲು ಎರಡು ಗೂಡು, ಶುದ್ಧ ನೀರು, ಒಣಗಿದ ಹೊಸ ಹಾಸು ಇರಬೇಕು. ಮದ್ದು ಕೊಡುವಾಗಲಲ್ಲದೆ ಯಾರೂ ಮುಟ್ಟಬಾರದು. ಮುಟ್ಟಿದವರು ಸಾಬೂನಿನಿಂದ ಕೈತೊಳೆಯಬೇಕು. ಗುಣವಾದಂತೆ ಕಂಡರೂ ಮದ್ದನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂಬುದು ಕಡೆಯ ಮಾತು.

ಮನೆಗೆ ಬಂದ ಮೇಲೆ ಮೊಮ್ಮಗ ಆ ಪುಟ್ಟ ಪುಸ್ತಕವನ್ನು ತಂದು ನನ್ನ ಕೈಗಿತ್ತ. "ಅಜ್ಜಿ, ರಾತ್ರಿಯ ಲೆಕ್ಕವನ್ನು ಇನ್ನು ನೀವೇ ಬರೆಯಿರಿ" ಎಂದ. ಅವನು ನನ್ನನ್ನು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಕ್ಷಮಿಸಿದೆನೆಂದು ಹೇಳಿದ್ದರೆ ಇಷ್ಟು ಸಮಾಧಾನವೂ ಆಗುತ್ತಿರಲಿಲ್ಲ. ರಾತ್ರಿ ಹತ್ತಕ್ಕೊಮ್ಮೆ, ನಡುರಾತ್ರಿಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಉಷ್ಣಮಾಪಕ ನೋಡಿ ಬರೆದೆ. ಅಂಕಿಗಳನ್ನು ಬರೆಯುತ್ತ ಬರೆಯುತ್ತ, ಹಾವಿನ ಭಯ ನನಗೇ ಅರಿವಿಲ್ಲದೆ ಕರಗಿತು. ಕೆಲವು ವಾರಗಳ ಮೇಲೆ ಸಿಳ್ಳಿನ ಸದ್ದು ನಿಂತಿತು. ಸುಬ್ಬು ಬಾಯಿ ಮುಚ್ಚಿ ನೆಮ್ಮದಿಯಾಗಿ ಉಸಿರಾಡಿತು. ಅದು ಮತ್ತೆ ಊಟ ಮಾಡಿದ ದಿನ ನಮ್ಮ ಮನೆಯಲ್ಲಿ ಹಬ್ಬವೇ ಆಯಿತು.

ಊರಿಗೆ ಮರಳಿ ಈ ಕಥೆಯನ್ನು ಹೇಳಿದಾಗ ಕೆಲವರು ನಕ್ಕರು. "ಮನುಷ್ಯರಿಗೇ ಮದ್ದಿಲ್ಲದ ಈ ಲೋಕದಲ್ಲಿ ಹಾವಿಗೆ ಚಿಕಿತ್ಸೆಯೆ?" ಎಂದು ಕೇಳಿದರು. ಆ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಹಾವಿಗೆ ಕೊಡುವ ಮದ್ದನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಬಡವನ ಮನೆಗೆ ತಲಪುತ್ತದೆಯೆ? ದಯೆಯೆಂಬುದು ಅಳೆದು ಹಂಚಬೇಕಾದ ಕಣಜದ ಕಾಳಲ್ಲ; ಬಳಸಿದಷ್ಟೂ ಬೆಳೆಯುವ ಗುಣ ಅದು. ಮೂಕಜೀವಿಯ ಉಸಿರಿನ ಸದ್ದಿಗೆ ಕಿವಿಗೊಟ್ಟ ಹುಡುಗ ನಾಳೆ ನೆರೆಮನೆಯ ಮುದುಕನ ಕೆಮ್ಮಿಗೆ ಕಿವುಡನಾಗಲಾರ.

ಇನ್ನು ಕೆಲವರು, "ಹಾವನ್ನು ಪೆಟ್ಟಿಗೆಯಲ್ಲಿ ಸಾಕುವುದೇ ತಪ್ಪಲ್ಲವೆ?" ಎಂದರು. ನನ್ನನ್ನು ಮೊದಲೇ ಕೇಳಿದ್ದರೆ ನಾನೂ ಬೇಡವೆಂದೇ ಹೇಳುತ್ತಿದ್ದೆ. ಆದರೆ ಸಾಕಿದ ಮೇಲೆ ಅದರ ಸುಖದುಃಖಗಳ ಹೊಣೆ ಸಾಕಿದವರದು. ಇಂಥ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕುವುದರಿಂದ ಆ ಹೊಣೆಯೂ ಅಷ್ಟೇ ದೀರ್ಘವಾದದ್ದು. ನಮ್ಮ ನಾಡಿನ ಮಾತು ಬೇರೆ. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅವುಗಳ ಮನೆ ಕಾಡು, ಹೊಲ, ಬದು. ಗಾಯಗೊಂಡ ಹಾವೊಂದು ನಮ್ಮ ಅಂಗಳದಲ್ಲಿ ಕಂಡರೆ ನಾವು ಕೈಹಾಕಬಾರದು; ದೂರ ನಿಂತು, ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ನಾವು ಮಾಡಬಹುದಾದ ಚಿಕಿತ್ಸೆ.

ಹಾಗೆಯೇ ನಾವು ಬಿಡಬೇಕಾದ ಒಂದು ಉಪಚಾರವೂ ಇದೆ. ಹಾಲು ಹಾವಿನ ಆಹಾರವಲ್ಲ. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾವಾಡಿಗರು ನೀರು ಕೊಡದೆ ಬಾಯಾರಿಸಿದ ಹಾವು ಹಾಲನ್ನೂ ಹೀರುತ್ತದೆ. ಅದನ್ನೇ ನಾವು ಭಕ್ತಿಗೆ ಮೆಚ್ಚಿದ ಗುರುತೆಂದು ತಿಳಿಯುತ್ತೇವೆ. ಬಲವಂತವಾಗಿ ಸುರಿದ ಹಾಲು ಶ್ವಾಸನಾಳಕ್ಕಿಳಿದರೆ, ಕೆಮ್ಮಲಾರದ ಆ ಜೀವ ಅದನ್ನು ಹೊರಹಾಕುವುದಾದರೂ ಹೇಗೆ? ಸುಬ್ಬುವಿನ ಶಾಖವನ್ನು ಆರಿಸಿದ ನನ್ನ ಮಿತವ್ಯಯದಂತೆ, ಇದೂ ಒಳ್ಳೆಯ ಮನಸ್ಸು ಅರಿಯದೆ ಮಾಡುವ ಕೇಡು.

ಈಗಲೂ ನಾಗರಪಂಚಮಿಯಂದು ನಾನು ಅರಳಿಕಟ್ಟೆಗೆ ಹೋಗುತ್ತೇನೆ. ಕಲ್ಲಿಗೆ ಅರಿಸಿನ ಕುಂಕುಮವಿಟ್ಟು ನಮಸ್ಕರಿಸುತ್ತೇನೆ. ತಂದ ಹಾಲನ್ನು ಕಟ್ಟೆಯ ಬಳಿ ಆಡುವ ಮಕ್ಕಳಿಗೆ ಹಂಚುತ್ತೇನೆ. ಹುತ್ತವನ್ನು ಮಾತ್ರ ಅದರ ಪಾಡಿಗೆ ಬಿಟ್ಟು ಬರುತ್ತೇನೆ. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು. ಯಾವ ಜೀವಕ್ಕೆ ಯಾವುದು ಹಿತವೆಂದು ಕೇಳಿ ತಿಳಿಯುವ ವಿನಯವೂ ಬೇಕು. ಅರಿವಿಲ್ಲದ ಕನಿಕರ ಅರ್ಧ ಕನಿಕರ. ಉಳಿದರ್ಧವನ್ನು ನಾವು ಕಲಿತೇ ಗಳಿಸಬೇಕು.