ಬಿಸಿಲೇ ಹಗೆಯಾದಾಗ

ಹಿಮಕುಸಿತವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು 2016ರ ಫೆಬ್ರವರಿ ತಿಂಗಳು. ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತಿದ್ದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಜೀವಸಹಿತ ಹೊರಬಂದರೂ ಬದುಕುಳಿಯಲಿಲ್ಲ. ಅದು ಕಡುಚಳಿಯ ಕುಸಿತ. ವಸಂತದ ಕುಸಿತಕ್ಕೆ ಕಾರಣ ಬಿಸಿಲು.

ಮಂಗಳೂರಿನ ಗುಡ್ಡಗಳನ್ನು ಬಲ್ಲವರಿಗೆ ಇದರ ಮರ್ಮ ಅರಿಯುವುದು ಕಷ್ಟವಲ್ಲ. ಆಟಿ ತಿಂಗಳ ಮಳೆನೀರು ಒಳಗಿಳಿದು, ಕಡಿದ ಗುಡ್ಡದ ಮಣ್ಣನ್ನು ಸಡಿಲಿಸುವಂತೆಯೇ, ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಕರಗಿದ ನೀರು ಹಿಮದ ಪದರಗಳ ಬೆಸುಗೆಯನ್ನು ಬಿಡಿಸುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಅಪಾಯ ಹೆಚ್ಚು. ರಾತ್ರಿ ಆಕಾಶ ಶುಭ್ರವಾಗಿದ್ದು ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ, ಬಿಸಿಲೇರುವ ಮುನ್ನ ಅಂತಹ ಇಳಿಜಾರನ್ನು ದಾಟುವುದು ಬಲ್ಲವರ ರೂಢಿ. ಮೋಡ ಕವಿದು ಹೆಪ್ಪುಗಟ್ಟದಿದ್ದರೆ ಮುಂಜಾನೆಯನ್ನೂ ನೆಚ್ಚುವಂತಿಲ್ಲ. ಕಾಲು ಮೊಣಕಾಲಿನವರೆಗೆ ಹೂತುಹೋದರೆ, ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ, ಆ ಇಳಿಜಾರನ್ನು ಬಿಟ್ಟು ಹಿಂದಿರುಗುವುದೇ ವಿವೇಕ.

ಬೇಸಗೆಯ ರಜೆಯಲ್ಲಿ ಹಿಮಾಲಯಕ್ಕೆ ಹೊರಟ ಮಕ್ಕಳಿಗೆ ತಾಯಂದಿರು ಉಣ್ಣೆಯ ಅಂಗಿಯನ್ನೂ ಚಕ್ಕುಲಿಯನ್ನೂ ಕಟ್ಟಿಕೊಡುತ್ತಾರೆ. ಅವುಗಳೊಡನೆ, ‘ಅರ್ಧದಾರಿಯಿಂದ ಮರಳಿದರೂ ಇಲ್ಲಿ ಯಾರೂ ನಗುವುದಿಲ್ಲ’ ಎಂಬ ಮಾತೊಂದನ್ನೂ ಕಟ್ಟಿಕೊಟ್ಟರೆ ಲೇಸು. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.